ಗೋಡೆ ಇಲ್ಲದ ಸಲೂನು: 1968ರ ಒಂದು ಎಪಿಸೋಡು, ಇವತ್ತಿನ ಕೋಟಿ ಡಾಲರ್ ಸೀರೀಸ್‌ಗಳು

ಗೋಡೆ ಇಲ್ಲ, ಆದ್ರೆ ಗೋಡೆ ಗಡಿಯಾರ ಇದೆ. ಫ್ರೇಮು ಹಾಕಿದ ಚಿತ್ರಗಳು ಸುಮ್ನೆ ಗಾಳೀಲಿ ನೇತಾಡ್ತಿವೆ. ಬೀದೀಲಿರೋ ಕಟ್ಟಡಗಳಿಗೆ ಮುಖ ಮಾತ್ರ ಇದೆ, ಬೆನ್ನಿಲ್ಲ, ಬಾಗಿಲು ದಾಟಿ ಒಳಗೆ ಹೋದ್ರೆ ಹಿಂದೆ ಬರೀ ಕೆಂಪು ಆಕಾಶ. ಮೊದಲ ಸಲ ನೋಡೋರಿಗೆ ಯಾರೋ ಅರ್ಧ ಕೆಲಸ ಆದ್ಮೇಲೆ ಬಡಗಿಗಳನ್ನ ಮನೆಗೆ ಕಳಿಸಿಬಿಟ್ರೇನೋ ಅನ್ಸುತ್ತೆ, ತಮಾಷೆ ಅಂದ್ರೆ ಆ ಊಹೆ ಪೂರ್ತಿ ತಪ್ಪೂ ಅಲ್ಲ.

ಇದು ಸ್ಟಾರ್ ಟ್ರೆಕ್ ಮೂಲ ಸರಣಿಯ ಮೂರನೇ ಸೀಸನ್ನಿನ ‘ಸ್ಪೆಕ್ಟರ್ ಆಫ್ ದ ಗನ್’. ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ 1968ರ ಅಕ್ಟೋಬರ್ 25ಕ್ಕೆ ಬಂತು. ಅಂತರಿಕ್ಷ ನೌಕೆಯ ಐದು ಜನ ಹೋಗಿ 1881ರ ಅರಿಝೋನಾದ ಟೂಂಬ್‌ಸ್ಟೋನ್ ಊರಲ್ಲಿ ಸಿಕ್ಕಿಹಾಕ್ಕೊಳ್ತಾರೆ, ಅದೂ ಓಕೆ ಕೊರಾಲ್ ಅನ್ನೋ ಕುದುರೆ ಲಾಯದ ಹೆಸರಲ್ಲಿ ಪ್ರಸಿದ್ಧವಾದ ಗುಂಡಿನ ಕಾಳಗದ ದಿನವೇ, ಅದೂ ಸೋತ ಪಾರ್ಟಿಯ ವೇಷದಲ್ಲಿ. 1966ರಲ್ಲಿ ಶುರುವಾದ ಸರಣಿಗೆ 2026ಕ್ಕೆ 60 ವರ್ಷ ಅನ್ನೋ ನೆಪದಲ್ಲಿ ಹಳೇದನ್ನ ಮತ್ತೆ ನೋಡ್ತಾ ಕೂತಾಗ ನನಗೆ ಕಾಡಿದ ಪ್ರಶ್ನೆ ಒಂದೇ. ಇವತ್ತು ಎಪಿಸೋಡಿಗೆ ಕೋಟಿ ಡಾಲರ್ ದಾಟಿಸಿ ಖರ್ಚು ಮಾಡೋ ಸೈ-ಫೈ ಸೀರೀಸ್‌ಗಳಿವೆ, ದಿಗಂತದವರೆಗೂ ಮರುಭೂಮಿ ತೋರಿಸ್ತಾರೆ, ಮುಗಿದು ವಾರ ಆದ್ಮೇಲೆ ಒಂದು ಫ್ರೇಮೂ ನೆನಪಿರಲ್ಲ. ಈ ಗೋಡೆ ಇಲ್ಲದ ಊರು ಮಾತ್ರ ಯಾಕೆ ಹೀಗೆ ತಲೇಲಿ ಉಳ್ಕೊಳ್ಳುತ್ತೆ?

"ಆಗಿನವರಿಗೆ ದುಡ್ಡಿರ್ಲಿಲ್ಲ, ಅದಕ್ಕೆ ತಲೆ ಓಡಿಸಿದ್ರು" ಅನ್ನೋದು ಎಲ್ಲರೂ ಥಟ್ಟಂತ ಕೊಡೋ ಉತ್ತರ. ಅರ್ಧ ನಿಜ. ಉಳಿದರ್ಧಕ್ಕೆ ಆಮೇಲೆ ಬರ್ತೀನಿ.

ಮೊದ್ಲು ಕಥೆ. ಮೆಲ್ಕೋಷಿಯನ್ ಅನ್ನೋ ಜನಾಂಗ ಹೊರಗಿನವರ ಸಹವಾಸವೇ ಬೇಡ ಅಂತ ತಮ್ಮ ಗಡೀಲಿ ಎಚ್ಚರಿಕೆ ಕೊಡೋ ಒಂದು ಯಂತ್ರ ತೇಲಿಬಿಟ್ಟಿದೆ, ಒಳಗೆ ಬಂದ್ರೆ ನಿಮ್ಮ ಕಥೆ ಮುಗೀತು ಅಂತ ಅದು ಹೇಳುತ್ತೆ. ಮಜಾ ಏನಂದ್ರೆ ಅದರ ಮಾತು ನೌಕೆಯ ಕ್ಯಾಪ್ಟನ್ ಕಿರ್ಕ್‌ಗೆ ಇಂಗ್ಲಿಷಲ್ಲಿ, ವಲ್ಕನ್ ಅನ್ನೋ ಬೇರೆ ಗ್ರಹದ ಸ್ಪಾಕ್‌ಗೆ ವಲ್ಕನ್ ಭಾಷೇಲಿ, ಚೆಕಾವ್‌ಗೆ ರಷ್ಯನ್ನಲ್ಲಿ, ಉಹುರಾಗೆ ಸ್ವಾಹಿಲೀಲಿ ಕೇಳ್ಸುತ್ತೆ, ಅಂದ್ರೆ ಅವರವರ ತಲೆಯೊಳಗೇ ಮಾತಾಡ್ತಿದೆ. (ಆ ನೌಕೆಯ ಕಂಟ್ರೋಲ್ ರೂಮಲ್ಲಿ ನಮ್ಮೋರೊಬ್ಬರು ಕೂತಿದ್ದಿದ್ರೆ ಕನ್ನಡದಲ್ಲೇ ಬೈಸ್ಕೊಂಡಿರೋರು.) ಇಡೀ ಎಪಿಸೋಡಿನ ಬೀಜ ಇರೋದು ಇದ್ರಲ್ಲೇ, ಇಲ್ಲಿ ಏನೇ ನಡೆದ್ರೂ ತಲೆಯೊಳಗೆ ನಡೆಯುತ್ತೆ ಅಂತ ಮೊದಲ ಎರಡು ನಿಮಿಷದಲ್ಲೇ ಹೇಳಿಬಿಟ್ಟಿದಾರೆ, ನಾವು ಗಮನಿಸಿರಲ್ಲ ಅಷ್ಟೇ. ಕಿರ್ಕ್ ಏನ್ ಮಾಡ್ತಾನೆ? ಸಂಪರ್ಕ ಮಾಡಲೇಬೇಕು ಅಂತ ಮೇಲಿಂದ ಆರ್ಡರ್ ಇದೆ ಅಂತ ಒಳಗೆ ನುಗ್ತಾನೆ. ಬೇರೆಯವರ ಮನೆ ಬಾಗಿಲಲ್ಲಿ ಬರಬೇಡಿ ಅಂತ ಬೋರ್ಡಿದ್ರೂ ನುಗ್ಗಿ, ಆಮೇಲೆ "ನಾವು ಶಾಂತಿಗಾಗಿ ಬಂದಿದೀವಿ" ಅನ್ನೋದು ಈ ಸರಣಿಯ ಹಳೇ ಕಾಯಿಲೆ, ಇರ್ಲಿ.

ಶಿಕ್ಷೆ ಕೊಡೋಕೆ ಮೆಲ್ಕೋಷಿಯನ್ನರು ಆರಿಸ್ಕೊಳ್ಳೋದು ಕಿರ್ಕ್‌ನದೇ ನೆನಪನ್ನ. ಅವನ ಪೂರ್ವಜರು ಅಮೆರಿಕದ ಪಶ್ಚಿಮಕ್ಕೆ ಹೋಗಿ ನೆಲೆ ನಿಂತವರು, ಹಿಂಸೆಯ ಆ ಪರಂಪರೆಯಿಂದಲೇ ನಿನಗೆ ಸಾವು ಅನ್ನೋ ಲೆಕ್ಕ. ಕಿರ್ಕ್ ಐಕ್ ಕ್ಲಾಂಟನ್ ಆಗ್ತಾನೆ, ನೌಕೆಯ ಇಂಜಿನಿಯರ್ ಸ್ಕಾಟಿ ಬಿಲ್ಲಿ ಕ್ಲಾಂಟನ್, ಸ್ಪಾಕ್ ಮತ್ತು ಡಾಕ್ಟರ್ ಮೆಕಾಯ್ ಮೆಕ್‌ಲೌರಿ ಸಹೋದರರು, ಚೆಕಾವ್ ಬಿಲ್ಲಿ ಕ್ಲೇಬೋರ್ನ್. ಎದುರಿಗೆ ಕಾನೂನಿನ ಕಡೆಯ ಅರ್ಪ್ ಸಹೋದರರು, ವ್ಯಾಟ್, ವರ್ಜಿಲ್, ಮಾರ್ಗನ್, ಮತ್ತು ಅವರ ಗೆಳೆಯ ಡಾಕ್ ಹಾಲಿಡೇ. ಸಂಜೆ ಐದಕ್ಕೆ ಕಾಳಗ.

ಅಮೆರಿಕದ ಪ್ರೇಕ್ಷಕರಿಗೆ ಇದ್ಯಾವುದೂ ಪರಿಚಯ ಮಾಡಿಸಬೇಕಿರ್ಲಿಲ್ಲ. 1958-59ರ ಸೀಸನ್ನಿನಲ್ಲಿ ಅಲ್ಲಿನ ಟಿವಿಯ ಟಾಪ್ ಹತ್ತು ಶೋಗಳಲ್ಲಿ ಏಳು ವೆಸ್ಟರ್ನ್, ಅಂದ್ರೆ ಕೌಬಾಯ್ ಕಥೆಗಳು, ಮೊದಲ ನಾಲ್ಕೂ ವೆಸ್ಟರ್ನೇ, ಅದ್ರಲ್ಲಿ ವ್ಯಾಟ್ ಅರ್ಪ್ ಹೆಸರಲ್ಲೇ ಒಂದು ಧಾರಾವಾಹಿ. ಸ್ಟಾರ್ ಟ್ರೆಕ್ ಸೃಷ್ಟಿಸಿದ ಜೀನ್ ರಾಡನ್‌ಬೆರಿ ಕೂಡ ಮುಂಚೆ ವೆಸ್ಟರ್ನ್‌ಗಳಿಗೆ ಬರೀತಿದ್ದೋನೇ, ಈ ಹೊಸ ಶೋ ಮಾರುವಾಗ ಆಗಿನ ಹಿಟ್ ಗಾಡಿ-ಪ್ರಯಾಣದ ಧಾರಾವಾಹಿಯನ್ನೇ ನಕ್ಷತ್ರಗಳಿಗೆ ತಗೊಂಡು ಹೋಗ್ತೀನಿ ಅಂತ ಹೇಳಿಯೇ ಮಾರಿದ್ದು. ಇನ್ನೊಂದು ವಿಷ್ಯ, ಮೆಕಾಯ್ ಪಾತ್ರದ ಡಿಫಾರೆಸ್ಟ್ ಕೆಲಿಗೆ ಈ ಕಾಳಗ ಹೊಸದೇ ಅಲ್ಲ, 1955ರಲ್ಲಿ ಒಂದು ಟಿವಿ ಶೋನಲ್ಲಿ ಐಕ್ ಕ್ಲಾಂಟನ್ ಆಗಿದ್ರು, 1957ರ ‘ಗನ್‌ಫೈಟ್ ಅಟ್ ದಿ ಓಕೆ ಕೊರಾಲ್’ ಸಿನಿಮಾದಲ್ಲಿ ಪಾರ್ಟಿ ಬದಲಾಯಿಸಿ ಮಾರ್ಗನ್ ಅರ್ಪ್ ಆಗಿದ್ರು. ಒಂದೇ ಬೀದೀಲಿ ಮೂರು ಸಲ ಗುಂಡಿನೇಟಿಗೆ ನಿಂತ ಮನುಷ್ಯ.

ಇನ್ನು ಆ ಕಾಳಗ ನಿಜವಾಗಿ ನಡೆದಿದ್ದು 1881ರ ಅಕ್ಟೋಬರ್ 26ರ ಮಧ್ಯಾಹ್ನ ಮೂರರ ಹೊತ್ತಿಗೆ, ಓಕೆ ಕೊರಾಲ್ ಒಳಗಂತೂ ಅಲ್ಲವೇ ಅಲ್ಲ, ಅದರ ಹಿಂಬಾಗಿಲಿಂದ ಸ್ವಲ್ಪ ದೂರದಲ್ಲಿ ಒಂದು ಫೋಟೋ ಸ್ಟುಡಿಯೋ ಪಕ್ಕದ ಇಕ್ಕಟ್ಟಾದ ಖಾಲಿ ಸೈಟಲ್ಲಿ. ಸುಮಾರು 30 ಸೆಕೆಂಡು, ಸುಮಾರು 30 ಗುಂಡು, ಮೂರು ಹೆಣ. ಊರಿನ ಮಾರ್ಷಲ್ ಆಗಿದ್ದೋನು ಅಣ್ಣ ವರ್ಜಿಲ್, ವ್ಯಾಟ್ ಅಲ್ಲ. ವ್ಯಾಟ್ ದೊಡ್ಡ ಹೀರೋ ಆಗಿದ್ದು 1929ರಲ್ಲಿ ಸತ್ತು ಎರಡು ವರ್ಷದ ಮೇಲೆ ಬಂದ ಜೀವನಚರಿತ್ರೆಯಿಂದ. ಅಂದ್ರೆ ನಮಗೆಲ್ಲ ಗೊತ್ತಿರೋ ಟೂಂಬ್‌ಸ್ಟೋನೇ ಒಂದು ಸೆಟ್ಟು, ಮುಂದೆ ಮುಖ ಇದೆ, ಹಿಂದೆ ಏನೂ ಇಲ್ಲ. ಕಿರ್ಕ್ ತಲೇಲಿರೋದೂ ಅಷ್ಟೇ ತಾನೇ? ಒಂದು ಸಲೂನು, ಒಂದು ಕ್ಷೌರದಂಗಡಿ, ಕಪ್ಪು ಕೋಟು, ಪಿಸ್ತೂಲು. ಅವನ ನೆನಪಿಂದ ಕಿತ್ತು ಕಟ್ಟಿದ ಊರು ಅಂದ್ಮೇಲೆ ತುಂಡು ತುಂಡಾಗೇ ಇರಬೇಕು.

ಮೂಲ ಪ್ಲಾನ್‌ನಲ್ಲಿ ಹಾಗಿರ್ಲಿಲ್ಲ. ಹೊರಗೆ ನಿಜವಾದ ವೆಸ್ಟರ್ನ್ ಲೊಕೇಶನ್ನಿಗೆ ಹೋಗಿ ಶೂಟ್ ಮಾಡೋದು ಅಂತಿತ್ತು. ಆದ್ರೆ ಮೂರನೇ ಸೀಸನ್ ಹೊತ್ತಿಗೆ ಎನ್‌ಬಿಸಿಗೆ ಈ ಶೋ ಮೇಲೆ ಮನಸ್ಸೇ ಇರ್ಲಿಲ್ಲ, ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಹಾಕಿದ್ರು, ಅದನ್ನ ನೋಡಬೇಕಾದ ಕಾಲೇಜು ಹುಡುಗರೆಲ್ಲ ಮನೇಲೇ ಇರದ ಟೈಮು ಅದು. ರಾಡನ್‌ಬೆರಿ ಬೇಜಾರಾಗಿ ದಿನನಿತ್ಯದ ಕೆಲಸದಿಂದ ಹಿಂದೆ ಸರಿದ್ರು, ಫ್ರೆಡ್ ಫ್ರೈಬರ್ಗರ್ ನಿರ್ಮಾಪಕರಾಗಿ ಬಂದ್ರು. ಮೊದಲ ಸೀಸನ್ನಿನಲ್ಲಿ ಎಪಿಸೋಡಿಗೆ ಸುಮಾರು 1.9 ಲಕ್ಷ ಡಾಲರ್ ಇದ್ದದ್ದು 1.8 ಲಕ್ಷದ ಹತ್ತಿರಕ್ಕೆ ಇಳೀತು, ನಟರ ಸಂಬಳ ಮಾತ್ರ ವರ್ಷ ವರ್ಷ ಏರ್ತಿತ್ತು, ಹಾಗಾಗಿ ಕತ್ತರಿ ಬಿದ್ದಿದ್ದೆಲ್ಲ ಸೆಟ್ಟು, ಲೊಕೇಶನ್ನು, ಜೂನಿಯರ್ ಆರ್ಟಿಸ್ಟುಗಳ ಮೇಲೆ. ಹೊರಾಂಗಣ ಶೂಟಿಂಗ್ ಹೆಚ್ಚುಕಮ್ಮಿ ನಿಂತೇಹೋಯ್ತು. ಆ ಸೀಸನ್ನಿಗೆ ಮೊದಲು ಶೂಟ್ ಆಗಿದ್ದೇ ಈ ಎಪಿಸೋಡು, ಕತ್ತರಿಯ ಮೊದಲ ಏಟು ಇದಕ್ಕೇ. ಸ್ಟುಡಿಯೋ ಒಳಗೆ, ಹಿಂದೆ ಕೆಂಪು ಬೆಳಕು ಚೆಲ್ಲಿ, ಕೈಲಾದಷ್ಟು ಮುಖವಾಡದ ಕಟ್ಟಡ ನಿಲ್ಲಿಸಿ, ಒಂದಿಷ್ಟು ಗಾಳಿ ಬೀಸಿಸಿ ಮುಗಿಸಿದ್ರು.

ಇಷ್ಟೇ ಆಗಿದ್ರೆ ಇದೊಂದು ಬಡಪಾಯಿ ಎಪಿಸೋಡ್ ಆಗಿರೋದು. ಕೆಲಸ ಮಾಡಿದ್ದು ಏನಂದ್ರೆ, ಆ ಕೊರತೆಯನ್ನ ಪಾತ್ರಗಳ ಕಣ್ಣಿಗೂ ಬೀಳಿಸಿದ್ದು. ಬಂದಿಳಿದ ತಕ್ಷಣ ಅವರೇ ಸುತ್ತ ನೋಡಿ ಇದೇನಿದು ಅರ್ಧಂಬರ್ಧ ಇದೆ ಅಂತಾರೆ, ಸ್ಪಾಕ್ ಅದಕ್ಕೆ ಕಾರಣ ಊಹಿಸ್ತಾನೆ, ಇದನ್ನ ನಿಮ್ಮ ತಲೆಯಿಂದ ತೆಗೆದಿದಾರೆ, ಅವರಿಗೆ ಇಷ್ಟೇ ಸಾಕಾಗಿರಬೇಕು ಅಂತ. ಅಲ್ಲಿಗೆ ಪ್ರೇಕ್ಷಕನ ಬಾಯಿ ಬಂದ್. "ಸೆಟ್ ಕಳಪೆ" ಅಂತ ನೀವು ಹೇಳೋಕ್ಮುಂಚೆ ಸ್ಪಾಕ್ ಹೇಳಿಬಿಟ್ಟ. ಯಕ್ಷಗಾನ ನೋಡಿ ಬೆಳೆದವರಿಗೆ ಇದೇನು ದೊಡ್ಡ ವಿಷ್ಯ ಅಲ್ಲ ಬಿಡಿ, ಅಲ್ಲಿ ಒಂದು ರಥಪೀಠ ಇಟ್ರೆ ಅದೇ ಸಿಂಹಾಸನ ಅದೇ ರಥ ಅದೇ ಕೈಲಾಸ, ಯಾರೂ ಉಳಿದ ಅರಮನೆ ಎಲ್ಲಿ ಅಂತ ಕೇಳಲ್ಲ. ಆದ್ರೆ ಅಲ್ಲಿ ಭಾಗವತರ ಪದ ಅರಮನೇನ ಕಟ್ಟಿಕೊಡುತ್ತೆ, ಇಲ್ಲಿ ಯಾರೂ ಕಟ್ಟಿಕೊಡಲ್ಲ, ಇಲ್ಲದಿರೋದು ಇಲ್ಲದ ಹಾಗೇ ಇರುತ್ತೆ, ಭಯ ಹುಟ್ಟೋದೂ ಅದರಿಂದಲೇ.

ಯಾಕಂದ್ರೆ ಇಷ್ಟು ಸುಳ್ಳು ಸುಳ್ಳಾಗಿ ಕಾಣೋ ಊರಲ್ಲೂ ಚೆಕಾವ್ ಸಾಯ್ತಾನೆ. ಸಿಲ್ವಿಯಾ ಅನ್ನೋ ಹುಡುಗಿ ಜೊತೆ ಇರುವಾಗ ಮಾರ್ಗನ್ ಅರ್ಪ್ ಗುಂಡು ಹೊಡೀತಾನೆ. ವಿಚಿತ್ರ ಏನಂದ್ರೆ ನಿಜವಾದ ಬಿಲ್ಲಿ ಕ್ಲೇಬೋರ್ನ್ ಆ ಕಾಳಗದಲ್ಲಿ ಬದುಕುಳಿದೋನು, ಇದನ್ನ ಸ್ಪಾಕ್ ಎತ್ತಿ ಹೇಳ್ತಾನೆ, ಅಂದ್ರೆ ಇತಿಹಾಸ ಬದಲಾಗಬಹುದು ಅನ್ನೋ ಆಸೆ ಮತ್ತು ಗೆಳೆಯನ ಹೆಣ ಎರಡೂ ಒಂದೇ ಸಲ ಸಿಗುತ್ತೆ. (ನಿಜದಲ್ಲಿ ಐಕ್ ಕ್ಲಾಂಟನ್ ಕೂಡ ಓಡಿಹೋಗಿ ಬದುಕಿದ್ದ, ಕಿರ್ಕ್‌ಗೆ ಯಾರೂ ಅದನ್ನ ನೆನಪಿಸಲ್ಲ.) ಆಮೇಲೆ ಇವರು ಇದ್ದಬದ್ದ ಸಾಮಾನು ಸೇರಿಸಿ ನಿದ್ರೆ ಬರಿಸೋ ಗ್ಯಾಸ್ ತಯಾರಿಸ್ತಾರೆ, ಸ್ಕಾಟಿ ಮೇಲೆ ಪ್ರಯೋಗ ಮಾಡ್ತಾರೆ, ಏನೂ ಆಗಲ್ಲ. ಸ್ಕಾಟಿಗೆ ಖುಷಿ, ವಿಸ್ಕಿ ಮುಟ್ಟೋಕೆ ಒಂದು ನೆಪ ಸಿಕ್ತು. ಸ್ಪಾಕ್ ಮಾತ್ರ ಗಂಭೀರ, ಯಾಕಂದ್ರೆ ಕೆಲಸ ಮಾಡಲೇಬೇಕಾದ ಗ್ಯಾಸ್ ಮಾಡ್ಲಿಲ್ಲ ಅಂದ್ರೆ ಇಲ್ಲಿ ಭೌತಶಾಸ್ತ್ರ ನಡೀತಿಲ್ಲ, ಭೌತಶಾಸ್ತ್ರ ನಡೀತಿಲ್ಲ ಅಂದ್ರೆ ಗುಂಡೂ ನಿಜ ಅಲ್ಲ, ನಿಜ ಅಂತ ನಂಬಿದೋರನ್ನ ಮಾತ್ರ ಕೊಲ್ಲುತ್ತೆ. ಒಂದು ಚೂರು ಅನುಮಾನ ಉಳಿದ್ರೂ ಸತ್ತ. ಮನುಷ್ಯರಿಗೆ ಅನುಮಾನ ಬಿಡೋಕೆ ಆಗಲ್ವಲ್ಲ, ಅದಕ್ಕೆ ಸ್ಪಾಕ್ ಒಬ್ಬೊಬ್ಬರ ಮನಸ್ಸೊಳಗೆ ಇಳಿದು ಆ ಗುಂಡುಗಳು ಬರೀ ನೆರಳು ಅಂತ ಕೂರಿಸ್ತಾನೆ.

ಈಗಿನ ಕಾಲದ ಸೀರೀಸ್‌ಗಳ ವಿಷ್ಯಕ್ಕೆ ಬರೋಣ. ವೆಸ್ಟರ್ನ್ ವಾಸನೆಯ ಸೈ-ಫೈ ಅಂದ್ರೆ ಇವತ್ತು ಮೊದ್ಲು ನೆನಪಾಗೋದು 2019ರಲ್ಲಿ ಶುರುವಾದ ‘ದ ಮ್ಯಾಂಡಲೋರಿಯನ್’. ಒಂಟಿ ಬೇಟೆಗಾರ, ಧೂಳು ಊರು, ಸಲೂನು, ಎಲ್ಲಾ ಇದೆ. ಅದರ ಶೂಟಿಂಗಿಗೆ ಐಎಲ್‌ಎಂ ಅನ್ನೋ ವಿಷುವಲ್ ಎಫೆಕ್ಟ್ಸ್ ಕಂಪನಿ ಒಂದು ಹೊಸ ಸ್ಟೇಜು ಕಟ್ತು, 20 ಅಡಿ ಎತ್ತರದ ಎಲ್‌ಇಡಿ ಪರದೆ ಅರ್ಧಕ್ಕಿಂತ ಜಾಸ್ತಿ ಸುತ್ತು ಸುತ್ತುವರಿದಿದೆ, ಮೇಲೂ ಪರದೆ, ಮಧ್ಯೆ 75 ಅಡಿ ಅಗಲದ ಜಾಗ. ಕ್ಯಾಮೆರಾ ಅಲ್ಲಾಡಿದಂಗೆ ವಿಡಿಯೋ ಗೇಮ್ ಇಂಜಿನ್ ಹಿಂದಿನ ದೃಶ್ಯವನ್ನ ಆ ಕ್ಷಣಕ್ಕೇ ಬದಲಾಯಿಸುತ್ತೆ. ಹೀರೋ ಮೈಮೇಲೆ ಹೊಳೆಯೋ ಲೋಹದ ಕವಚ ಇದೆಯಲ್ಲ, ಹಸಿರು ಪರದೆ ಮುಂದೆ ಶೂಟ್ ಮಾಡಿದ್ರೆ ಅದೆಲ್ಲ ಹಸಿರು ಹೊಡಿಯೋದು, ಇಲ್ಲಿ ಪರದೆಯ ಸೂರ್ಯಾಸ್ತವೇ ಕವಚದಲ್ಲಿ ಹೊಳೆಯುತ್ತೆ. ಅದ್ಭುತ ತಂತ್ರಜ್ಞಾನ, ಅದ್ರಲ್ಲಿ ಎರಡು ಮಾತಿಲ್ಲ.

ಆದ್ರೆ ನೋಡಿ, ಕೆಲಸದ ವಿಧಾನದಲ್ಲಿ ಅದು ಸ್ಟೇಜ್ ಮೇಲೆ ಕೆಂಪು ಬೆಳಕು ಹೊಡೆದಿದ್ದರ ಮೊಮ್ಮಗನೇ. ಆಗಲೂ ಹೊರಗೆ ಹೋಗೋದು ತಪ್ಪಿಸೋಕೆ ಸ್ಟುಡಿಯೋ ಒಳಗೆ ಆಕಾಶ, ಈಗಲೂ ಸ್ಟುಡಿಯೋ ಒಳಗೆ ಆಕಾಶ. ವ್ಯತ್ಯಾಸ ಅಂದ್ರೆ ಈಗಿನ ಆಕಾಶ ತಾನು ಆಕಾಶ ಅಲ್ಲ ಅಂತ ಒಪ್ಪಲ್ಲ. ಒಪ್ಪದಿರೋದಕ್ಕೆ ಅದು ಬೆಲೆ ಕೊಡಬೇಕಾಗುತ್ತೆ: ನಟ ಪರದೆ ತನಕ ನಡೆಯೋಕಾಗಲ್ಲ, ಕುದುರೆ ಓಡಿಸೋಕೆ ಜಾಗ ಇಲ್ಲ, ಮಾತುಕತೆ ಎಲ್ಲ ಒಂದು ದುಂಡನೆ ಅಂಗಳದ ಮಧ್ಯೆ ನಿಂತೇ ಆಗುತ್ತೆ, ಹಿಂದೆ ಸ್ವಲ್ಪ ಮಸುಕಾದ ಬೆಟ್ಟ. ನಾಲ್ಕು ಸೀರೀಸ್ ನೋಡಿದ್ಮೇಲೆ ಆ ದುಂಡನೆ ಅಂಗಳ ಎಲ್ಲಿದ್ರೂ ಕಣ್ಣಿಗೆ ಹೊಡೆಯುತ್ತೆ. ಜೊತೆಗೆ ಪರದೆ ಮೇಲೆ ಬರೋದೆಲ್ಲ ಶೂಟಿಂಗ್‌ಗೆ ತಿಂಗಳುಗಟ್ಟಲೆ ಮುಂಚೇನೇ ರೆಡಿ ಆಗಿರಬೇಕು, ಅಂದ್ರೆ ಕೊನೇ ಗಳಿಗೆಯಲ್ಲಿ "ದುಡ್ಡಿಲ್ಲ, ಗೋಡೆ ಬೇಡ, ಅದನ್ನೇ ಕಥೆ ಮಾಡೋಣ" ಅನ್ನೋ ತಿರುವಿಗೆ ಆ ವ್ಯವಸ್ಥೇಲಿ ಅವಕಾಶ ಕಮ್ಮಿ.

ಇದಕ್ಕಿಂತ ದೊಡ್ಡ ಸಮಸ್ಯೆ ಎಣಿಕೆದು. ಸ್ಟಾರ್ ಟ್ರೆಕ್ ಮೂಲ ಸರಣಿಯ ಮೂರು ಸೀಸನ್‌ಗಳಲ್ಲಿ 29, 26, 24, ಒಟ್ಟು 79 ಎಪಿಸೋಡು, ಮೂರೇ ವರ್ಷದಲ್ಲಿ. ಈಗಿನ ಸ್ಟಾರ್ ಟ್ರೆಕ್ ಸರಣಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಸೀಸನ್ನಿಗೆ ಹತ್ತು, ಎರಡನೇ ಸೀಸನ್ 2023ರಲ್ಲಿ ಬಂದ್ರೆ ಮೂರನೇದು 2025ಕ್ಕೆ, ಕೊನೆಯ ಐದನೇ ಸೀಸನ್ನಿಗೆ ಆರೇ ಎಪಿಸೋಡು ಅಂತ ಘೋಷಿಸಿದಾರೆ. ‘ಸೆವೆರೆನ್ಸ್’ ಎರಡನೇ ಸೀಸನ್ನಿಗೆ ಜನ ಸುಮಾರು ಮೂರು ವರ್ಷ ಕಾದ್ರು. ಇದು ಯಾಕೆ ಹೀಗಾಯ್ತು ಅಂದ್ರೆ ಟಿವಿಗೆ ದುಡ್ಡು ಬರೋ ದಾರಿಯೇ ಬದಲಾಯ್ತು. ಮುಂಚೆ ನೆಟ್‌ವರ್ಕಲ್ಲಿ ಒಂದು ಸಲ ಬಂದ ಶೋನ ಆಮೇಲೆ ಊರೂರಿನ ಸ್ಥಳೀಯ ಚಾನೆಲ್‌ಗಳಿಗೆ ಮಾರ್ತಿದ್ರು, ಅವರು ದಿನಾ ಮರುಪ್ರಸಾರ ಮಾಡೋರು, ದಿನಾ ಹಾಕಬೇಕು ಅಂದ್ರೆ ರಾಶಿ ಎಪಿಸೋಡು ಬೇಕು. 1969ರಲ್ಲಿ ನಿಂತುಹೋದ ಸ್ಟಾರ್ ಟ್ರೆಕ್ ನಿಜವಾಗಿ ಜಗತ್ಪ್ರಸಿದ್ಧ ಆಗಿದ್ದೇ 70ರ ದಶಕದ ಮರುಪ್ರಸಾರದಲ್ಲಿ, ಅಲೆದಾಡ್ತಾ ನಮ್ಮ ದೂರದರ್ಶನದ ಭಾನುವಾರದ ಬೆಳಗ್ಗೆಗೂ ಬಂತು. ಸ್ಟ್ರೀಮಿಂಗ್ ಕಂಪನಿಗೆ ಆ ರಾಶಿ ಬೇಕಿಲ್ಲ, ಅದಕ್ಕೆ ಬೇಕಿರೋದು ಹೊಸ ಚಂದಾದಾರ, ಹೊಸ ಚಂದಾದಾರ ಬರೋದು ದೊಡ್ಡ ಟ್ರೇಲರಿಗೆ, ಟ್ರೇಲರಲ್ಲಿ ಗೋಡೆ ಇಲ್ಲದ ಸಲೂನ್ ತೋರಿಸಿದ್ರೆ ಯಾರು ಬರ್ತಾರೆ?

ಹಾಗಾಗಿ ಎಂಟೋ ಹತ್ತೋ ಎಪಿಸೋಡಲ್ಲಿ ಪ್ರತಿಯೊಂದಕ್ಕೂ ಮುಖ್ಯ ಕಥೆ ಎಳೆಯೋ ಜವಾಬ್ದಾರಿ. ಸುಮ್ನೆ ಒಂದು ವಾರ ಟೂಂಬ್‌ಸ್ಟೋನಿಗೆ ಹೋಗಿ ಬರೋಣ ಅನ್ನೋ ಪುರುಸೊತ್ತಿಲ್ಲ. 1992ರಲ್ಲೂ ಇತ್ತು ಆ ಪುರುಸೊತ್ತು, ಸ್ಟಾರ್ ಟ್ರೆಕ್‌ನ ಮುಂದಿನ ಸರಣಿ ‘ನೆಕ್ಸ್ಟ್ ಜನರೇಶನ್’ನಲ್ಲಿ ಪ್ಯಾಟ್ರಿಕ್ ಸ್ಟೂವರ್ಟ್ ನಿರ್ದೇಶಿಸಿದ ‘ಎ ಫಿಸ್ಟ್‌ಫುಲ್ ಆಫ್ ಡೇಟಾಸ್’ ಹಾಗೇ ಬಂದಿದ್ದು, ನೌಕೆಯ ಅಧಿಕಾರಿ ವರ್ಫ್ ಶೆರಿಫ್ ಟೋಪಿ ಹಾಕ್ಕೊಂಡು ಓಡಾಡ್ತಾನೆ, ಮುಖ್ಯ ಕಥೆಗೆ ನಯಾಪೈಸೆ ಉಪಯೋಗ ಇಲ್ಲ, ಆದ್ರೂ ಜನ ಮರೆತಿಲ್ಲ. ಸ್ಟ್ರೇಂಜ್ ನ್ಯೂ ವರ್ಲ್ಡ್ಸ್‌ನೋರು ಪಾಪ ಇದನ್ನ ಅರ್ಥ ಮಾಡ್ಕೊಂಡೋರೇ, ಹತ್ತರಲ್ಲೇ ಒಂದನ್ನ ಪೂರ್ತಿ ಹಾಡು-ಕುಣಿತಕ್ಕೆ ಕೊಟ್ರು, ಆದ್ರೆ ಹತ್ತರಲ್ಲಿ ಒಂದು ಎಡವಿದ್ರೆ ಸೀಸನ್ನಿನ ಹತ್ತು ಪರ್ಸೆಂಟ್ ಹೋಯ್ತು, 26ರಲ್ಲಿ ಒಂದು ಎಡವಿದ್ರೆ ಯಾರಿಗೂ ಲೆಕ್ಕಕ್ಕೇ ಬರಲ್ಲ. 2023ರಲ್ಲಿ ಹಾಲಿವುಡ್ ಬರಹಗಾರರು 148 ದಿನ ಮುಷ್ಕರ ಹೂಡಿದ್ರಲ್ಲ, ಅದರ ಒಂದು ತಕರಾರೂ ಇದೇ, ಚಿಕ್ಕ ಸೀಸನ್ನು, ಚಿಕ್ಕ ತಂಡ, ಕೆಲವೇ ವಾರದ ಕೆಲಸ, ಶೂಟಿಂಗ್ ಹೊತ್ತಿಗೆ ಬರೆದೋನು ಮನೇಲಿ. ಸೆಟ್ಟಿಗೆ ಕತ್ತರಿ ಬಿದ್ದಾಗ ಸ್ಕ್ರಿಪ್ಟ್ ತಿದ್ದೋಕೆ ಬರೆಯೋರು ಅಲ್ಲೇ ಎಲ್ಲೋ ಇರಬೇಕಲ್ವಾ.

ಹಂಗಂತ ಹಳೇ ಕಾಲವೇ ಸ್ವರ್ಗ ಅನ್ನೋರ ಜೊತೆ ನಾನಿಲ್ಲ. ಒಂದು ಎಪಿಸೋಡಿಗೆ ಆರೇ ದಿನ ಶೂಟಿಂಗು, ಆ ಓಟಕ್ಕೆ ಜನ ಹಣ್ಣಾಗ್ತಿದ್ರು. ‘ಸ್ಪೆಕ್ಟರ್’ ಬರೆದಿದ್ದು ಲೀ ಕ್ರೋನಿನ್ ಅಂತ ಟೈಟಲಲ್ಲಿ ಬರುತ್ತೆ, ಅದು ಜೀನ್ ಎಲ್. ಕೂನ್ ಅವರ ಗುಪ್ತನಾಮ. ಸರಣಿಗೆ ಕ್ಲಿಂಗಾನ್ ಅನ್ನೋ ಶತ್ರು ಜನಾಂಗವನ್ನ ತಂದವರು, ಮೊದಲೆರಡು ಸೀಸನ್ನಿನ ಬೆನ್ನೆಲುಬು, ಎರಡನೇ ಸೀಸನ್ ಮಧ್ಯೆ ಬಿಟ್ಟು ಬೇರೆ ಸ್ಟುಡಿಯೋಗೆ ಹೋಗಿ ಅಲ್ಲಿಂದ ಹೆಸರು ಮರೆಸ್ಕೊಂಡು ಬರೀತಿದ್ರು. ಈಗ ನಾನು ಮೊದ್ಲು ಬಾಕಿ ಇಟ್ಟ ಉಳಿದರ್ಧ: ಅದೇ ಲೀ ಕ್ರೋನಿನ್, ಅದೇ ಸೀಸನ್, ಅದೇ ಕಮ್ಮಿ ದುಡ್ಡು, ‘ಸ್ಪಾಕ್ಸ್ ಬ್ರೇನ್’ ಅನ್ನೋ ಎಪಿಸೋಡನ್ನೂ ಕೊಟ್ಟಿದೆ. ಸ್ಪಾಕ್‌ನ ಮೆದುಳು ಕಳ್ಳತನ ಆಗುತ್ತೆ, ರಿಮೋಟ್ ಕಂಟ್ರೋಲ್ ಹಿಡಿದು ಅವನ ದೇಹ ನಡೆಸ್ಕೊಂಡು ಹುಡುಕೋಕೆ ಹೋಗ್ತಾರೆ. ಇಡೀ ಸರಣಿಯಲ್ಲೇ ಅತಿ ಕೆಟ್ಟದ್ದು ಅಂತ ಅಭಿಮಾನಿಗಳೇ ನಗಾಡೋ ಎಪಿಸೋಡು. ಬಡತನ ಒಂದೇ ಕಾರಣ ಆಗಿದ್ರೆ ಎರಡೂ ಚೆನ್ನಾಗಿರಬೇಕಿತ್ತು.

ಬ್ರಿಟನ್ನಿನಲ್ಲೂ ಇಂಥದೇ ಸಾಕ್ಷಿ ಇದೆ. 1966ರ ಏಪ್ರಿಲ್-ಮೇನಲ್ಲಿ ಬಿಬಿಸಿಯ ‘ಡಾಕ್ಟರ್ ಹೂ’ ಇದೇ ಓಕೆ ಕೊರಾಲ್‌ಗೆ ಹೋಗಿತ್ತು, ‘ದ ಗನ್‌ಫೈಟರ್ಸ್’ ಅಂತ ನಾಲ್ಕು ಕಂತು. ಹಲ್ಲುನೋವು ಅಂತ ಆ ಸರಣಿಯ ಹೀರೋ, ಡಾಕ್ಟರ್ ಅಂತಲೇ ಹೆಸರು, ಹೋಗಿ ಡಾಕ್ ಹಾಲಿಡೇ ಕುರ್ಚೀಲಿ ಕೂರ್ತಾರೆ, ಹಾಲಿಡೇ ನಿಜಕ್ಕೂ ದಂತವೈದ್ಯನೇ ಆಗಿದ್ದ. ಐಡಿಯಾ ಸೂಪರ್. ಆದ್ರೆ ಲಂಡನ್ ಸ್ಟುಡಿಯೋದಲ್ಲಿ ಪೂರ್ತಿ ಅರಿಝೋನಾ ಕಟ್ಟೋಕೆ ಹೊರಟ್ರು, ಬ್ರಿಟಿಷ್ ನಟರು ಅಮೆರಿಕನ್ ಧಾಟಿ ಎಳೆದ್ರು, ಮಧ್ಯೆ ಮಧ್ಯೆ ಕಥೆ ಹೇಳೋ ಹಾಡು ಬೇರೆ, ದಶಕಗಟ್ಟಲೆ ಅದಕ್ಕೆ ಕೆಟ್ಟ ಹೆಸರು ಉಳೀತು. ನನಗೆ ಅದೂ ಇಷ್ಟವೇ, ಆದ್ರೆ ಅಲ್ಲಿ ಸೆಟ್ ನಾನು ನಿಜ ನಾನು ನಿಜ ಅಂತ ಬೇಡ್ಕೊಳ್ಳುತ್ತೆ, ನಾವು ಕರುಣೆಯಿಂದ ಒಪ್ಕೋಬೇಕು. ದುಡ್ಡು ಸುರಿದಿದ್ದೆಲ್ಲ ಕೆಟ್ಟದ್ದು ಅನ್ನೋದೂ ನಿಲ್ಲಲ್ಲ, ಸ್ಟಾರ್ ವಾರ್ಸ್ ಲೋಕದ ‘ಆಂಡೋರ್’ ದುಬಾರಿ ಸೀರೀಸೇ, ಆ ಎಲ್‌ಇಡಿ ಪರದೆ ಬಿಟ್ಟು ನಿಜವಾದ ಜಾಗ, ನಿಜವಾದ ಸೆಟ್ಟು ಅಂತ ಹೋದ್ರು, ಊರಿಗೊಂದು ತೂಕ ಬಂತು, ಯಾಕಂದ್ರೆ ಜನ ಆ ಊರಲ್ಲಿ ದುಡಿದು ಬದುಕೋದೇ ಆ ಕಥೆ.

ಆದ್ದರಿಂದ ಖರ್ಚಿನ ಅಂಕಿ ಹಿಡಿದು ಜಗಳ ಆಡೋದು ದಂಡ. 1968ರ 1.8 ಲಕ್ಷ ಡಾಲರ್ ಇವತ್ತಿನ ಬೆಲೆಗೆ 16 ಲಕ್ಷ ಡಾಲರ್ ಆಸುಪಾಸು ಬರುತ್ತೆ, ಅದೇನು ಬಿಡಿಗಾಸಲ್ಲ. ಕಣ್ಣಿಗೆ ಕಾಣೋದಕ್ಕೂ ಕಥೆ ಹೇಳೋದಕ್ಕೂ ಏನು ಸಂಬಂಧ ಅಂತ ಯಾರಾದ್ರೂ ಕೇಳಿದ್ರಾ ಅನ್ನೋದಷ್ಟೇ ನನ್ನ ಪ್ರಶ್ನೆ. ‘ಸ್ಪೆಕ್ಟರ್’ನಲ್ಲಿ ನಂಬಿಕೆ ಬಗ್ಗೆ ಕಥೆ, ನಂಬೋಕೆ ಆಗದ ಊರು, ಎರಡೂ ಒಂದನ್ನೊಂದು ಹಿಡ್ಕೊಂಡಿವೆ. ಅದೇ ಸ್ಕ್ರಿಪ್ಟನ್ನ ಮೊದಲ ಪ್ಲಾನ್ ಪ್ರಕಾರ ಬಿಸಿಲಲ್ಲಿ, ಪೂರ್ತಿ ಕಟ್ಟಡ ಇರೋ ಬೀದೀಲಿ ತೆಗೆದಿದ್ರೆ ಚೆಕಾವ್ ಸಾವು ಸಾಮಾನ್ಯ ವೆಸ್ಟರ್ನ್ ಸಾವಾಗಿರೋದು, ಸ್ಪಾಕ್‌ನ ತರ್ಕ ಬರೀ ಭಾಷಣ ಆಗಿರೋದು.

ಕೊನೇ ದೃಶ್ಯ ಒಂದ್ಸಲ ಇದೇ ದೃಷ್ಟಿಯಿಂದ ನೋಡಿ. ಗಾಳಿ ಬೀಸ್ತಿದೆ, ಕಪ್ಪು ಕೋಟಿನ ನಾಲ್ವರು ನಡ್ಕೊಂಡು ಬರ್ತಾರೆ, ಈ ನಾಲ್ವರು ಸುಮ್ನೆ ನಿಂತಿದಾರೆ, ಪಿಸ್ತೂಲಿಗೂ ಕೈ ಹಾಕಲ್ಲ. ಗುಂಡಿನ ಸುರಿಮಳೆ. ಒಂದೂ ತಾಗಲ್ಲ, ಮೈಯೊಳಗಿಂದ ಹಾದು ಹೋಗಿ ಹಿಂದಿರೋ ಮರದ ಬೇಲಿಯನ್ನ ಚಿಂದಿ ಮಾಡ್ತಿವೆ, ಹಲಗೆಯಿಂದ ಚಕ್ಕೆ ಹಾರ್ತಿದೆ. ಆಮೇಲೆ ಕಿರ್ಕ್ ವ್ಯಾಟ್ ಅರ್ಪ್‌ನ ಕೆಳಗೆ ಕೆಡವಿ, ಕೊಲ್ಲೋ ಅವಕಾಶ ಇದ್ರೂ ಪಿಸ್ತೂಲ್ ಬಿಸಾಡ್ತಾನೆ, ಮರುಕ್ಷಣ ಎಲ್ರೂ ನೌಕೆಯಲ್ಲಿ. ಚೆಕಾವ್ ಬದುಕೇ ಇದಾನೆ, ಅಲ್ಲಿ ಅವನಿಗೆ ನಿಜ ಅನಿಸಿದ್ದು ಆ ಹುಡುಗಿ ಒಬ್ಳೇ ಅಂತ ವಿವರಣೆ. ಗುಂಡು ಸುಳ್ಳು ಅಂದ್ಮೇಲೆ ಬೇಲಿ ಯಾಕೆ ಒಡೀತು ಅಂತ ನೀವು ಕೇಳಬಹುದು, ನಾನೂ ಕೇಳ್ಕೊಂಡೆ. ಬೇಲಿಯೂ ಆ ಊರಿನದೇ ಅಲ್ವಾ, ಅದಕ್ಕೆ ಗುಂಡು ನಿಜ. ಸಲೂನಿಗೆ ಗೋಡೆ ಹಾಕೋಕೆ ದುಡ್ಡಿಲ್ಲದವರು ಆ ಬೇಲಿಯನ್ನ ಮಾತ್ರ ಹಲಗೆ ಹಲಗೆ ಜೋಡಿಸಿ ಸರಿಯಾಗಿ ಕಟ್ಟಿದಾರೆ, ಗುಂಡು ಬೀಳೋಕೆ ಒಂದು ಜಾಗ ಬೇಕಿತ್ತಲ್ಲ.